ಎಫುವಾ ಸದರ್‌ಲ್ಯಾಂಡ್: ಸಂಶೋಧನೆ ಮತ್ತು ರಂಗಭೂಮಿ – ಮುಖ್ಯಾಂಶಗಳು

ಘಾನಾದ ಎಫುವಾ ಸದರ್‌ಲ್ಯಾಂಡ್ ಎಂದರೆ ‘ದಿ ಮ್ಯಾರೇಜ್ ಆಫ್ ಅನಾನ್ಸೆವಾ’ದ ನಾಟಕಕಾರ್ತಿ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು, ಹತ್ತು ಅಂಕದ್ದಕ್ಕೆ ಸಾಲದು. ಆ ನಾಟಕದ ಬೇರು ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿದೆ. ಹಳ್ಳಿಯಲ್ಲಿ ಕಥೆ ಹೇಳುವವರ ಕಲೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಫಲ ಅದು. ದೀರ್ಘ ಉತ್ತರಕ್ಕೆ ಹಿಡಿಯಬೇಕಾದ ಎಳೆ ಇದೇ.

ಜನನ, ಶಿಕ್ಷಣ
• 1924ರ ಜೂನ್ 27, ಕೇಪ್ ಕೋಸ್ಟ್. ಆಗ ಆ ದೇಶ ಬ್ರಿಟಿಷರ ಕೈಯಲ್ಲಿದ್ದ ಗೋಲ್ಡ್ ಕೋಸ್ಟ್. ನಿಧನ: 1996ರ ಜನವರಿ.
• ಕೇಂಬ್ರಿಡ್ಜ್‌ನ ಹೋಮರ್ಟನ್ ಕಾಲೇಜು, ಬಳಿಕ ಲಂಡನ್ನಿನ ಸ್ಕೂಲ್ ಆಫ್ ಓರಿಯಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್. 1951ರಲ್ಲಿ ತಾಯ್ನಾಡಿಗೆ ವಾಪಸು, ಶಿಕ್ಷಕಿಯ ಕೆಲಸ.
• 1954ರಲ್ಲಿ ಅಮೆರಿಕದ ಕರಿಯ ಹೋರಾಟಗಾರ ಬಿಲ್ ಸದರ್‌ಲ್ಯಾಂಡ್ ಜೊತೆ ಮದುವೆ.

ಸಂಸ್ಥೆಗಳು
1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಹೊಸ ದೇಶಕ್ಕೆ ತನ್ನದೇ ರಂಗಭೂಮಿ ಬೇಕೆಂದು ಹೊರಟವರಲ್ಲಿ ಎಫುವಾ ಮುಂದಿನ ಸಾಲಿನವರು. 1957ರಲ್ಲಿ ಲೇಖಕರ ಸಂಘ, 1958ರಲ್ಲಿ ಪ್ರಯೋಗ ರಂಗತಂಡ, 1960ರ ದಶಕದ ಆರಂಭದಲ್ಲಿ ಅಕ್ರಾದಲ್ಲಿ ಘಾನಾ ಡ್ರಾಮಾ ಸ್ಟುಡಿಯೋ. ಈ ಸ್ಟುಡಿಯೋದ ನಡುವೆ ತೆರೆದ ಅಂಗಳವಿತ್ತು. ಮನೆಯಂಗಳದಲ್ಲಿ ಕೂತು ಕಥೆ ಕೇಳಿ ರೂಢಿಯಿದ್ದ ಜನರನ್ನು ಕತ್ತಲ ಸಭಾಂಗಣಕ್ಕೆ ಅಟ್ಟದೆ ಅಂಗಳವನ್ನೇ ರಂಗಮಂದಿರಕ್ಕೆ ತಂದ ಈ ವಿನ್ಯಾಸವೂ ಅವರ ಸಂಶೋಧನೆಯ ಭಾಗವೇ ಎಂದು ಬರೆದರೆ ತಪ್ಪಾಗದು.

ವಿಶ್ವವಿದ್ಯಾಲಯದ ವೃತ್ತಿ
• 1963ರಿಂದ ಲೆಗೋನ್‌ನ ಘಾನಾ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧಕಿ.
• ಡ್ರಾಮಾ ಸ್ಟುಡಿಯೋ ವಿಶ್ವವಿದ್ಯಾಲಯದ ಸುಪರ್ದಿಗೆ ಬಂದು ಸಂಗೀತ ಮತ್ತು ನಾಟಕ ಶಾಲೆಯ ಪ್ರಯೋಗಶಾಲೆಯಾಯಿತು. ಸಂಗೀತದ ಕಡೆ ಜೆ. ಎಚ್. ಕ್ವಾಬೆನಾ ಎಂಕೆಟಿಯಾ, ನಾಟಕದ ಕಡೆ ಜೋ ಡಿ ಗ್ರಾಫ್ಟ್ – ಈ ಇಬ್ಬರು ಸಹೋದ್ಯೋಗಿಗಳ ಹೆಸರು ನೆನಪಿರಲಿ.
• ಕುಸುಂ ಅಗೊರೊಂಬಾ: 1968ರಲ್ಲಿ ಕಟ್ಟಿದ ಸಂಚಾರಿ ತಂಡ. ಶಾಲೆ, ಚರ್ಚು, ಊರೂರು ಸುತ್ತಿ ಆಡುತ್ತಿತ್ತು.

ಸಂಶೋಧನೆಯ ತಿರುಳು
ಅಕಾನ್ ಜನರಲ್ಲಿ ಅನಾನ್ಸೆ ಎಂಬ ಜೇಡನ ಕಥೆಗಳಿಗೆ ಅನಾನ್ಸೆಸೆಮ್ ಎನ್ನುತ್ತಾರೆ. ಅನಾನ್ಸೆ ಆಸೆಬುರುಕ, ಚತುರ, ಕೊನೆಗೆ ತಾನು ತೋಡಿದ ಗುಂಡಿಗೆ ತಾನೇ ಬೀಳುವವ. ಎಫುವಾ ಈ ಕಥೆಗಳ ಜೊತೆಗೆ ಅವನ್ನು ಹೇಳುವ ಬಗೆಯನ್ನೂ ಅಭ್ಯಾಸ ಮಾಡಿದರು. ಎಕುಂಫಿ ಅಟ್ವಿಯಾ ಎಂಬ ಫಾಂಟಿ ಸೀಮೆಯ ಹಳ್ಳಿ ಅವರ ಕ್ಷೇತ್ರ. ಅಲ್ಲಿ ಕಥೆಗಾರ ಹೇಳುತ್ತಿದ್ದಂತೆ ಕೇಳುಗನೊಬ್ಬ ಎದ್ದು ನಡುವೆ ಬಾಯಿ ಹಾಕಿ ಹಾಡು ಎತ್ತಿಬಿಡಬಹುದು. ಉಳಿದವರು ದನಿಗೂಡಿಸುತ್ತಾರೆ, ಕುಣಿಯುತ್ತಾರೆ, ಮತ್ತೆ ಕಥೆ ಮುಂದುವರಿಯುತ್ತದೆ. ಈ ನಡುಹಾಡಿಗೆ ಎಂಬೊಗುವೊ ಎಂದು ಹೆಸರು. ನಮ್ಮ ಯಕ್ಷಗಾನದಲ್ಲಿ ಹಾಡು ಭಾಗವತರದು. ಇಲ್ಲಿ ಅದು ಯಾರದೂ ಆಗಬಹುದು.

ಈ ಕ್ರಮವನ್ನು ರಂಗಕ್ಕೆ ಹೊಂದಿಸಿ ಕಟ್ಟಿದ ಹೊಸ ಪ್ರಕಾರಕ್ಕೆ ಅವರಿಟ್ಟ ಹೆಸರು ಅನಾನ್ಸೆಗೊರೊ. ಕಥೆ ಅನಾನ್ಸೆಸೆಮ್, ನಾಟಕ ಅನಾನ್ಸೆಗೊರೊ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ. ಅಟ್ವಿಯಾದ ಜನರೊಡನೆ ಸೇರಿ ಅಲ್ಲೇ ಕಟ್ಟಿಸಿದ ರಂಗಮಂದಿರ ಕೊಡ್ಜಿಡಾನ್, ಅಂದರೆ ಕಥೆಯ ಮನೆ. ಹಳ್ಳಿಯಿಂದ ಸಾಮಗ್ರಿ ಹೊತ್ತು ಬಂದು ಪ್ರಬಂಧ ಬರೆದು ಮುಗಿಸುವ ಸಂಶೋಧಕರೇ ಹೆಚ್ಚು. ಎಫುವಾ ಕಲಿತದ್ದಕ್ಕೆ ಪ್ರತಿಯಾಗಿ ಆ ಊರಿಗೊಂದು ರಂಗಮಂದಿರ ಉಳಿಯಿತು. ಅವರ ಇಡೀ ವೃತ್ತಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ನಾಟಕಗಳು
• ಎಡುಫಾ (ಪ್ರಕಟಣೆ 1967): ಯೂರಿಪಿಡೀಸನ ‘ಅಲ್ಸೆಸ್ಟಿಸ್’ ಆಧಾರ. ತನ್ನ ಬದಲು ಸಾಯಲು ಹೆಂಡತಿ ಆಂಪೋಮಾಳಿಂದ ಮಾತು ಪಡೆದ ಸಿರಿವಂತನ ಕಥೆ. ಗ್ರೀಕ್ ನಾಟಕದಲ್ಲಿ ಹೆಂಡತಿ ಸಾವಿನಿಂದ ಮರಳುತ್ತಾಳೆ, ಇಲ್ಲಿ ಮರಳುವುದಿಲ್ಲ.
• ಫೊರಿವಾ (1967): ಜಡ್ಡುಗಟ್ಟಿದ ಕ್ಯೆರೆಫಾಸೊ ಊರು, ಅಲ್ಲಿಗೆ ಬಂದ ಪರಸ್ಥಳದ ಯುವಕ ಲಬರಾನ್, ಊರಿನ ರಾಜಮಾತೆಯ ಮಗಳು ಫೊರಿವಾ. ರಾಷ್ಟ್ರ ನಿರ್ಮಾಣದ ಆಶಯ ಸ್ಪಷ್ಟ. ಕೆಲವೊಮ್ಮೆ ತೀರಾ ಸ್ಪಷ್ಟ.
• ದಿ ಮ್ಯಾರೇಜ್ ಆಫ್ ಅನಾನ್ಸೆವಾ (1975): ಕೈ ಬರಿದಾದ ಅನಾನ್ಸೆ ಮಗಳ ಭಾವಚಿತ್ರವನ್ನು ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ, ನಾಲ್ವರು ಅರಸರಿಗೆ ತೋರಿಸಿ ಉಡುಗೊರೆ ಬಾಚುತ್ತಾನೆ. ಮಗಳು ಸೆಕ್ರೆಟರಿ ಕೆಲಸಕ್ಕೆ ಓದುತ್ತಿರುವವಳು. ತನ್ನನ್ನೇ ವ್ಯಾಪಾರಕ್ಕಿಟ್ಟ ಪತ್ರಗಳೆಂದು ತಿಳಿಯದೆ ಅಪ್ಪ ಹೇಳಿದ್ದನ್ನು ಅವಳೇ ಟೈಪ್ ಮಾಡಿಕೊಡುತ್ತಾಳೆ! ನಾಲ್ವರೂ ಒಟ್ಟಿಗೆ ಬರುವ ಹೊತ್ತಿಗೆ ಅನಾನ್ಸೆ ಮಗಳು ಸತ್ತಳೆಂದು ಸುದ್ದಿ ಹಬ್ಬಿಸಿ, ಯಾರ ಶೋಕ ನಿಜವೆಂದು ಅಳೆಯುತ್ತಾನೆ. ಕಥೆಗಾರ ರಂಗದ ಮೇಲೇ ಇರುತ್ತಾನೆ, ಪರಿಕರ ಒದಗಿಸುವವನೂ ಎಲ್ಲರ ಕಣ್ಣೆದುರೇ ಓಡಾಡುತ್ತಾನೆ. ‘ಅನಾನ್ಸೆಗೊರೊ ಲಕ್ಷಣ ಬರೆಯಿರಿ’ ಎಂದರೆ ಇವೆರಡನ್ನೂ ಎಂಬೊಗುವೊವನ್ನೂ ಬಿಡಬೇಡಿ.
• ಮಕ್ಕಳಿಗಾಗಿ: ವಲ್ಚರ್! ವಲ್ಚರ್!, ತಹಿಂಟಾ.

ಕೊನೆಯ ವರ್ಷಗಳು
ಆಫ್ರಿಕಾ ಮೂಲದವರೆಲ್ಲರ ರಂಗೋತ್ಸವವೊಂದು ಬೇಕೆಂದು 1980ರಲ್ಲೇ ಪ್ರಸ್ತಾವ ಬರೆದಿದ್ದರು. ಪಾನಾಫೆಸ್ಟ್ ಹೆಸರಿನಲ್ಲಿ ಅದು ನಡೆದದ್ದು 1992ರಲ್ಲಿ. ಅದೇ ವರ್ಷ ಚೀನಾ ಕಟ್ಟಿಕೊಟ್ಟ ರಾಷ್ಟ್ರೀಯ ರಂಗಮಂದಿರ ಅಕ್ರಾದಲ್ಲಿ ತೆರೆಯಿತು. ಅದಕ್ಕೆ ಜಾಗ ಬಿಡಲು ಡ್ರಾಮಾ ಸ್ಟುಡಿಯೋವನ್ನು ಕೆಡವಲಾಗಿತ್ತು. ಲೆಗೋನ್ ಆವರಣದಲ್ಲಿ ಅದರ ಪ್ರತಿರೂಪವಿದೆ, ಎಫುವಾ ಹೆಸರನ್ನೇ ಇಟ್ಟಿದ್ದಾರೆ.

ಗೊಂದಲ ಬೇಡ
• ‘ದಿ ಡಿಲೆಮಾ ಆಫ್ ಎ ಘೋಸ್ಟ್’, ‘ಅನೋವಾ’ – ಇವು ಘಾನಾದವರೇ ಆದ ಅಮಾ ಅಟಾ ಐಡೂ ನಾಟಕಗಳು. ಅನೋವಾ ಬೇರೆ, ಅನಾನ್ಸೆವಾ ಬೇರೆ.
• 1975ರಲ್ಲೇ ಪ್ರಕಟವಾದ ‘ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್’ ನೈಜೀರಿಯಾದ ವೊಲೆ ಸೊಯಿಂಕಾ ಅವರದು. ಗ್ರೀಕ್ ನಾಟಕದ ಮರುರೂಪ ಸೊಯಿಂಕಾ ಅವರಲ್ಲೂ ಇದೆ, ಆದರೆ ಅದು ‘ದ ಬ್ಯಾಕೆ’. ‘ಅಲ್ಸೆಸ್ಟಿಸ್’ ಎಂದರೆ ಎಫುವಾ.