ಸಂಘದ ಟೆಲಿಗ್ರಾಂ ಗುಂಪಿಗೆ ಬಾಟ್ ಎಂಬ ಕಾವಲುಗಾರ



ಹಾಲಿನ ದರ, ಬಟವಾಡೆ ದಿನ, ಲಸಿಕೆ ಶಿಬಿರ, ಪಶು ಆಹಾರದ ದಾಸ್ತಾನು ಮುಂತಾದ ಸುದ್ದಿಗಳು ಇಂದು ಅನೇಕ ಗ್ರಾಮಗಳಲ್ಲಿ ಮೊಬೈಲ್ ಗುಂಪುಗಳ ಮೂಲಕವೇ ಸದಸ್ಯರನ್ನು ತಲುಪುತ್ತಿವೆ. ಆದರೆ ಶುಭೋದಯದ ಚಿತ್ರಗಳು, ರಾಜಕೀಯ ವಾಗ್ವಾದ ಹಾಗೂ ಜಾಹೀರಾತುಗಳ ನಡುವೆ ಬೇಕಾದ ಸುದ್ದಿ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ಮೋಸದ ಸಂದೇಶ. "ಸಹಾಯಧನ ಮಂಜೂರಾಗಿದೆ, ಈ ಫೈಲ್ ಒತ್ತಿರಿ" ಎಂದು ಬರುವ 'ಎಪಿಕೆ' ಫೈಲನ್ನು ಫೋನಿಗೆ ಹಾಕಿಕೊಂಡರೆ, ಬ್ಯಾಂಕಿನ ಒಟಿಪಿಯನ್ನು ವಂಚಕರು ಓದಿಕೊಂಡು ಖಾತೆಗೆ ಜಮೆಯಾದ ಹಾಲಿನ ಹಣವನ್ನೇ ಎತ್ತಿಬಿಡಬಹುದು. ಹಾಲು ಅಳೆಯುವ ಹೊತ್ತಿನಲ್ಲಿ ಕಾರ್ಯದರ್ಶಿಯವರು ಫೋನ್ ನೋಡುತ್ತ ಕೂರಲಾಗದು. ಈ ಕಾವಲು ಕೆಲಸಕ್ಕೆ ಬಾಟ್ ಅನುಕೂಲವಾಗಿದೆ.

ಬಾಟ್ ಎಂದರೇನು?

ಕೊಟ್ಟ ಆದೇಶದಂತೆ ತಾನಾಗಿಯೇ ಕೆಲಸ ಮಾಡುವ ಗಣಕ ಕಾರ್ಯಕ್ರಮವೇ ಬಾಟ್. 2013ರಲ್ಲಿ ಆರಂಭವಾದ ಟೆಲಿಗ್ರಾಂ, 2015ರಲ್ಲಿ ಬಾಟ್ ಸೌಲಭ್ಯವನ್ನು ಒದಗಿಸಿತು. ಗುಂಪು ನಿರ್ವಹಣೆಗೆ 'ರೋಸ್' ಎಂಬ ಬಾಟ್ ಹೆಚ್ಚು ಬಳಕೆಯಲ್ಲಿದೆ. ಕೆಳಗಿನ ವಿವರಗಳು ಅದಕ್ಕೆ ಸಂಬಂಧಿಸಿದವು.

ಸೇರಿಸುವ ಕ್ರಮ

ಬಾಟನ್ನು ಸದಸ್ಯರಂತೆಯೇ ಗುಂಪಿಗೆ ಸೇರಿಸಿ, ನಂತರ ಅಡ್ಮಿನ್ ಮಾಡಬೇಕು. ಸಂದೇಶ ಅಳಿಸುವ ಮತ್ತು ಸದಸ್ಯರನ್ನು ನಿರ್ಬಂಧಿಸುವ ಅಧಿಕಾರ ಕೊಟ್ಟರೆ ಸಾಕು. ಹೊಸ ಅಡ್ಮಿನ್ ನೇಮಿಸುವ ಅಧಿಕಾರ ಬೇಡ. ಅದೇ ಹೆಸರಿನ ನಕಲಿ ಬಾಟ್‌ಗಳೂ ಇರುವುದರಿಂದ ತಿಳಿದವರಿಂದ ಖಚಿತಪಡಿಸಿಕೊಳ್ಳಿ.

ಮುಖ್ಯ ಆದೇಶಗಳು

ಪ್ರತಿ ಆದೇಶವೂ ಓರೆಗೆರೆಯಿಂದ (/) ಆರಂಭವಾಗುತ್ತದೆ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

1. /ಸೆಟ್‌ರೂಲ್ಸ್: ಇದರ ಮುಂದೆ ಗುಂಪಿನ ನಿಯಮಗಳನ್ನು ಕನ್ನಡದಲ್ಲೇ ಬರೆದು ಕಳುಹಿಸಿ. ಬಳಿಕ ಯಾವ ಸದಸ್ಯರು /ರೂಲ್ಸ್ ಎಂದರೂ ಬಾಟ್ ನಿಯಮಗಳನ್ನು ತೋರಿಸುತ್ತದೆ.

2. /ಸೇವ್: ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಒಂದು ಹೆಸರಿನಲ್ಲಿ ಉಳಿಸಿಡಬಹುದು. ಉದಾಹರಣೆಗೆ 'ವೈದ್ಯ' ಎಂಬ ಹೆಸರಿನಲ್ಲಿ ಪಶು ಚಿಕಿತ್ಸಾ ಸಹಾಯವಾಣಿ 1962 ಮತ್ತು ಹತ್ತಿರದ ಪಶು ಆಸ್ಪತ್ರೆಯ ವಿವರ ಉಳಿಸಿದ್ದರೆ, ನಡುರಾತ್ರಿ ಹಸು ಹೊಟ್ಟೆಯುಬ್ಬರದಿಂದ ನರಳುವಾಗ ಸದಸ್ಯರು #ವೈದ್ಯ ಎಂದು ಬರೆದರೆ ತಕ್ಷಣ ಉತ್ತರ ಬರುತ್ತದೆ. ದರಪಟ್ಟಿಗೂ ಹೀಗೆಯೇ ಮಾಡಬಹುದು. ದರ ಬದಲಾದ ದಿನವೇ ಉತ್ತರವನ್ನೂ ಬದಲಿಸಬೇಕು.

3. /ಲಾಕ್: ಇದರ ಮುಂದೆ 'ಯುಆರ್‌ಎಲ್' ಎಂದರೆ ಲಿಂಕುಗಳನ್ನು, 'ಡಾಕ್ಯುಮೆಂಟ್' ಎಂದರೆ ಫೈಲುಗಳನ್ನು ಬಾಟ್ ಅಳಿಸುತ್ತದೆ. ಎಪಿಕೆ ಮೋಸಕ್ಕೆ ಇದೇ ಮುಖ್ಯ ತಡೆ. ರಾಸಿನ ಗಾಯದ ಫೋಟೋ ಕಳುಹಿಸಲು ಇದರಿಂದ ಅಡ್ಡಿಯಿಲ್ಲ. ಆದರೆ ಅಡ್ಮಿನ್‌ಗಳ ಸಂದೇಶಕ್ಕೆ ಈ ತಡೆ ಅನ್ವಯಿಸದು. ಆದ್ದರಿಂದ ಅವರು ತಮ್ಮ ಫೋನನ್ನು ಭದ್ರವಾಗಿಟ್ಟುಕೊಳ್ಳುವುದು ಅಗತ್ಯ.

4. /ವಾರ್ನ್: ತಪ್ಪು ಸಂದೇಶಕ್ಕೆ ಉತ್ತರವಾಗಿ ಅಡ್ಮಿನ್ ಹೀಗೆ ಬರೆದರೆ ಒಂದು ಎಚ್ಚರಿಕೆ ದಾಖಲಾಗುತ್ತದೆ. ಎಷ್ಟು ಎಚ್ಚರಿಕೆಗಳ ನಂತರ ಯಾವ ಕ್ರಮ ಎಂಬುದನ್ನು ಮೊದಲೇ ಗೊತ್ತುಪಡಿಸಬಹುದು.

5. /ಟಿಮ್ಯೂಟ್: ಇದರ ಮುಂದೆ ಅವಧಿಯನ್ನು ಬರೆದರೆ ಆ ಸದಸ್ಯರು ಅಷ್ಟು ಹೊತ್ತು ಸಂದೇಶ ಕಳುಹಿಸಲಾಗದು. ಜಗಳ ತಣ್ಣಗಾಗಲು ಎರಡು ಗಂಟೆ ಸಾಕಾಗುತ್ತದೆ.

6. /ಬ್ಯಾನ್: ಗುಂಪಿನಿಂದ ಹೊರಹಾಕುವ ಆದೇಶ. ಇದು ಕೊನೆಯ ಕ್ರಮ. /ಅನ್‌ಬ್ಯಾನ್ ಎಂದರೆ ಮತ್ತೆ ಸೇರಲು ಅವಕಾಶವಾಗುತ್ತದೆ.

7. /ರಿಪೋರ್ಟ್: ಅನುಮಾನದ ಸಂದೇಶ ಕಂಡ ಯಾವ ಸದಸ್ಯರಾದರೂ ಅದಕ್ಕೆ ಉತ್ತರವಾಗಿ ಹೀಗೆ ಬರೆದು ಅಡ್ಮಿನ್‌ಗಳ ಗಮನಕ್ಕೆ ತರಬಹುದು.

ಆಡಳಿತ ಮಂಡಳಿ ಗಮನಿಸಬೇಕಾದ ಅಂಶ

ಬಾಟ್‌ಗೆ ನ್ಯಾಯ ಅನ್ಯಾಯ ತಿಳಿಯದು. ಆದೇಶ ಕೊಟ್ಟವರ ಮಾತನ್ನಷ್ಟೇ ಪಾಲಿಸುತ್ತದೆ. "ನನ್ನ ಹಾಲಿಗೆ ಫ್ಯಾಟ್ ಕಡಿಮೆ ಬಂದದ್ದೇಕೆ?", "ಬಟವಾಡೆ ತಡವಾದದ್ದೇಕೆ?" ಎಂದು ಕೇಳಿದ ಸದಸ್ಯರ ಬಾಯಿ ಮುಚ್ಚಿಸಲು /ಬ್ಯಾನ್ ಬಳಸಿದರೆ ಅದು ಸಹಕಾರ ತತ್ವಕ್ಕೆ ವಿರುದ್ಧ. ಲೆಕ್ಕ ಕೇಳುವುದು ಸದಸ್ಯರ ಹಕ್ಕು. ಆದ್ದರಿಂದ ಯಾರು ಅಡ್ಮಿನ್, ಯಾವ ತಪ್ಪಿಗೆ ಯಾವ ಕ್ರಮ ಎಂಬುದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚಿಸಿ, ನಡಾವಳಿಯಲ್ಲಿ ಬರೆದು, ಸಂಘದ ಸೂಚನಾ ಫಲಕದಲ್ಲಿ ಹಾಕುವುದು ಒಳ್ಳೆಯದು. ಕನಿಷ್ಠ ಇಬ್ಬರು ಅಡ್ಮಿನ್‌ಗಳಿರಲಿ. ಫೋನ್ ಇಲ್ಲದ ಸದಸ್ಯರಿಗಾಗಿ ಫಲಕದ ಸೂಚನೆಯನ್ನು ಎಂದಿಗೂ ನಿಲ್ಲಿಸಬಾರದು.

ಸದಸ್ಯರು ನೆನಪಿಡಬೇಕಾದದ್ದು

ಅಡ್ಮಿನ್ ಆದ ಬಾಟ್ ಗುಂಪಿನ ಎಲ್ಲ ಸಂದೇಶಗಳನ್ನೂ ಓದಬಲ್ಲದು. ಆದ್ದರಿಂದ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಪಾಸ್ ಪುಸ್ತಕದ ಫೋಟೋಗಳನ್ನು ಗುಂಪಿನಲ್ಲಿ ಹಾಕಬೇಡಿ. ಒಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಾವಲಿನ ಕೆಲಸ ಬಾಟ್ ಮಾಡಲಿ; ತೀರ್ಮಾನದ ಅಧಿಕಾರ ಸದಸ್ಯರ ಕೈಯಲ್ಲೇ ಇರಲಿ.