ಮೋಟೊಕ್ರಾಸ್ ಸವಾರನ ನಿಲುವು

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಕೈಯನ್ನು ಕತ್ತಿಗೆ ಜೋಲಿ ಕಟ್ಟಿಕೊಂಡು ಪ್ರಯೋಗಶಾಲೆಗೆ ಬಂದನು. ಊರ ಹೊರಗಿನ ಮಣ್ಣುದಿಬ್ಬದ ಮೇಲಿಂದ ಮೋಟಾರ್ ಸೈಕಲ್ ಹಾರಿಸಲು ಹೋಗಿ ಕೊರಳೆಲುಬನ್ನು ಮುರಿದುಕೊಂಡಿದ್ದನು. "ಸಾರ್, ಎದ್ದು ನಿಂತು ಓಡಿಸಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ ಎನ್ನುತ್ತಾರಲ್ಲ, ನಿಜವೇ?" ಎಂದು ಕೇಳಿದನು.

ಈ ಮಾತು ಸವಾರರಲ್ಲಿ ಬಹಳ ಪ್ರಚಾರದಲ್ಲಿದೆ, ಆದರೆ ನಿಜವಲ್ಲ. ಎದ್ದು ನಿಂತವನ ಸೊಂಟವು ಮೇಲೇರುವುದರಿಂದ ಗುರುತ್ವಕೇಂದ್ರವೂ ಮೇಲೇರಲೇಬೇಕು. ಭಾರವು ಫುಟ್‌ರೆಸ್ಟಿನ ಮೇಲೆ ಬಿದ್ದ ಮಾತ್ರಕ್ಕೆ ದೇಹವು ಅಲ್ಲಿಗೆ ಇಳಿದುಹೋಗುವುದಿಲ್ಲ. ಹಾಗಾದರೆ ನುರಿತ ಸವಾರರು ನಿಂತೇ ಓಡಿಸುವುದೇಕೆ?

ಹಳ್ಳದಿಣ್ಣೆಗಳ ಮಣ್ಣುಹಾದಿಯಲ್ಲಿ ನಡೆಯುವ ಈ ಪಂದ್ಯವು 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯ ಬಳಿ ಮೊದಲಾಯಿತು. 1957ರಿಂದ ವಿಶ್ವಮಟ್ಟದ ಸ್ಪರ್ಧೆಯೂ ಉಂಟು. ಇಂದಿನ ದೊಡ್ಡ ಗಾಡಿಯ ತೂಕ ಸುಮಾರು 110 ಕಿಲೋಗ್ರಾಂ. ಸವಾರನದು 70 ಎಂದಿಟ್ಟುಕೊಳ್ಳೋಣ. ಒಟ್ಟು ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವಾರನದೇ! ಕಾರಿನಲ್ಲಿ ಕುಳಿತವನು ಅತ್ತಿತ್ತ ಸರಿದರೆ ಕಾರಿಗೆ ಲೆಕ್ಕವಿಲ್ಲ, ಇಲ್ಲಿ ಹಾಗಲ್ಲ.

2 ಮೀಟರು ಎತ್ತರದಿಂದ ಸಮನೆಲಕ್ಕೆ ಬಿದ್ದ ಗಾಡಿಯು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 6.3 ಮೀಟರು. ಗಾಡಿಯ ಸ್ಪ್ರಿಂಗುಗಳು ಸುಮಾರು 30 ಸೆಂಟಿಮೀಟರು ಕುಗ್ಗಬಲ್ಲವು. ಸೀಟಿನ ಮೇಲೆ ಕುಳಿತವನು ಅಷ್ಟರಲ್ಲಿಯೇ ನಿಲ್ಲಬೇಕು. ಆಗ ವೇಗವು ಕುಂದುವ ದರವು ಸರಾಸರಿ ಗುರುತ್ವ ವೇಗೋತ್ಕರ್ಷದ 6.7 ಪಟ್ಟು ಆಗುತ್ತದೆ. ನಿಂತವನು ಮೊಣಕಾಲು ಸೊಂಟಗಳನ್ನು ಮಡಿಸುತ್ತ ಇನ್ನೂ 30 ಸೆಂಟಿಮೀಟರು ಇಳಿದನೆನ್ನಿ: ದೂರ ಇಮ್ಮಡಿಯಾಯಿತು, ಪೆಟ್ಟು ಅರ್ಧವಾಯಿತು. ನಿಲ್ಲುವುದರ ಗುಟ್ಟು ಇದೇ. ಕಾಲನ್ನು ಕಂಬದಂತೆ ನೆಟ್ಟಗೆ ಬಿಗಿದುಕೊಂಡವನಿಗೆ ಈ ಲಾಭವಿಲ್ಲ. ಅವನು ಕುಳಿತರೂ ಒಂದೇ, ನಿಂತರೂ ಒಂದೇ.

ಇನ್ನು ಮುಂದಕ್ಕೆ ಬಾಗುವ ವಿಷಯ. ಗಾಡಿ ಸವಾರರಿಬ್ಬರ ಒಟ್ಟು ಗುರುತ್ವಕೇಂದ್ರವು ಹಿಂದಿನ ಚಕ್ರವು ನೆಲ ಮುಟ್ಟುವ ಬಿಂದುವಿಗಿಂತ 70 ಸೆಂಟಿಮೀಟರು ಮುಂದೆಯೂ, ನೆಲದಿಂದ 100 ಸೆಂಟಿಮೀಟರು ಮೇಲೆಯೂ ಇದೆಯೆನ್ನೋಣ. ಆಗ ವೇಗೋತ್ಕರ್ಷವು ಗುರುತ್ವದ 0.7 ಪಾಲನ್ನು ಮೀರಿದೊಡನೆ ಮುಂದಿನ ಚಕ್ರವು ನೆಲ ಬಿಟ್ಟೇಳುತ್ತದೆ. ಸವಾರನು 30 ಸೆಂಟಿಮೀಟರು ಮುಂದೆ ಸರಿದರೆ ಒಟ್ಟು ಕೇಂದ್ರವು ಸುಮಾರು 12 ಸೆಂಟಿಮೀಟರು ಸರಿದು, ಆ ಮಿತಿಯು 0.82ಕ್ಕೆ ಏರುತ್ತದೆ. ಬ್ರೇಕು ಹಿಡಿಯುವಾಗ ಇದಕ್ಕೆ ವಿರುದ್ಧವಾಗಿ ಸೊಂಟವನ್ನು ಹಿಂದಕ್ಕೆ ಒಯ್ಯಬೇಕು. ತಿರುವಿನಲ್ಲಿ ಮಾತ್ರ ಸವಾರನು ಸೀಟಿನ ಮುಂತುದಿಯಲ್ಲಿ ಕುಳಿತು, ಗಾಡಿಯನ್ನು ತನಗಿಂತ ಹೆಚ್ಚಾಗಿ ಒಳಕ್ಕೆ ವಾಲಿಸಿ, ಹೊರಗಿನ ಫುಟ್‌ರೆಸ್ಟನ್ನು ಬಲವಾಗಿ ಒತ್ತುತ್ತಾನೆ.

ನಮ್ಮ ವಿದ್ಯಾರ್ಥಿಯು ಬಿದ್ದುದಕ್ಕೆ ಕಾರಣ ಬೇರೆಯೇ ಇತ್ತು. ವಿಚಾರಿಸಿದಾಗ, ಗಾಳಿಯಲ್ಲಿದ್ದಾಗ ಹೆದರಿ ಹಿಂದಿನ ಬ್ರೇಕನ್ನು ತುಳಿದೆನೆಂದನು. ತಿರುಗುವ ಸ್ಟೂಲಿನ ಮೇಲೆ ಕುಳಿತು, ಅಚ್ಚನ್ನು ನೆಟ್ಟಗೆ ಹಿಡಿದು ಸೈಕಲ್ ಚಕ್ರವನ್ನು ತಿರುಗಿಸುವ ಪ್ರಯೋಗವನ್ನು ನೀವು ಕಂಡಿರಬಹುದು. ಸುತ್ತುತ್ತಿರುವ ಚಕ್ರವನ್ನು ಕೈಯಿಂದ ತಡೆದರೆ, ಚಕ್ರ ನಿಲ್ಲುತ್ತದೆ, ಸ್ಟೂಲು ಅದೇ ದಿಕ್ಕಿಗೆ ತಿರುಗತೊಡಗುತ್ತದೆ. ಕೋನೀಯ ಸಂವೇಗವು ನಾಶವಾಗದು, ಕೈ ಬದಲಾಯಿಸುತ್ತದೆ ಅಷ್ಟೆ. ಹಾರುವ ಗಾಡಿಯಲ್ಲಿಯೂ ಚಕ್ರದ ಸುತ್ತು ಗಾಡಿಗೆ ದಾಟಿ, ಅದರ ಮೂತಿ ಕೆಳಗಾಗುತ್ತದೆ. ಆಕ್ಸಿಲರೇಟರ್ ತಿರುವಿ ಚಕ್ರದ ವೇಗವನ್ನು ಹೆಚ್ಚಿಸಿದರೆ ಮೂತಿ ಮೇಲೇಳುತ್ತದೆ. ಬಲ್ಲವರು ಇವೆರಡನ್ನೂ ಬೇಕೆಂದೇ ಬಳಸುವರು. ಬ್ರೇಕು ಒತ್ತುವಾಗ ಎಂಜಿನು ನಿಂತುಹೋಗದಂತೆ ಕ್ಲಚ್ಚನ್ನೂ ಹಿಡಿಯುವರು. ನಮ್ಮವನು ಬೇಡದಾಗ ಬಳಸಿದನು!

ಮೂಳೆ ಕೂಡಿಕೊಂಡ ಮೇಲೆ ಅವನಿಗೆ ಹೇಳಿಕೊಟ್ಟ ಮೊದಲ ಅಭ್ಯಾಸಕ್ಕೆ ದಿಬ್ಬವೂ ಬೇಡ, ಪೆಟ್ರೋಲೂ ಬೇಡ. ಗೆಳೆಯನೊಬ್ಬನು ನಿಂತ ಗಾಡಿಯನ್ನು ಅಲುಗದಂತೆ ಹಿಡಿದಿರಲಿ. ಫುಟ್‌ರೆಸ್ಟುಗಳ ಮೇಲೆ ನಿಂತು, ಮೊಣಕಾಲು ಬಾಗಿಸಿ, ಟ್ಯಾಂಕನ್ನು ಅವುಗಳ ನಡುವೆ ಒತ್ತಿ ಹಿಡಿದು, ಎದೆಯನ್ನು ಮುಂದೆ ತನ್ನಿ. ಈಗ ಹ್ಯಾಂಡಲಿನಿಂದ ಕೈಗಳನ್ನು ಮೆಲ್ಲನೆ ಬಿಡಿ. ಮುಂದಕ್ಕೆ ಮುಗ್ಗರಿಸಿದರೆ ಸೊಂಟವು ಇನ್ನಷ್ಟು ಹಿಂದೆ ಹೋಗಬೇಕು; ಹಿಂದಕ್ಕೆ ಬಿದ್ದರೆ ಮುಂದೆ ಬರಬೇಕು. ನಮ್ಮ ಹುಡುಗನು ಮೊದಲ ಸಲ ಹಿಂದಕ್ಕೇ ಬಿದ್ದನು. ಅದುವರೆಗೆ ಅವನು ಹ್ಯಾಂಡಲಿಗೆ ಜೋತುಬಿದ್ದೇ ಗಾಡಿ ಓಡಿಸುತ್ತಿದ್ದನು.