ಅಮ್ಮನ ಟ್ಯಾಂಕ್ ಗೇಮ್

ಹಳೆಯ ವಿಡಿಯೊ ಗೇಮ್ ಆನ್ ಆಗದಿದ್ದರೆ ಯಾರಿಗೆ ತೋರಿಸಿದರೂ ಮೊದಲು ಬರುವ ಮಾತು, "ಐಸಿ ಹೋಗಿದೆ, ಬಿಟ್ಬಿಡಿ." ನಮ್ಮ ಮನೆಯದನ್ನು ನಾನೇ ಬಿಚ್ಚಿ ಸರಿಮಾಡಿದ ಮೇಲೆ ಆ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಮೊದಲು ಸೋಲುವುದು ನಮ್ಮ ಕೈ ತಾಗಿದ ಜಾಗಗಳು: ಎಳೆದಾಡಿದ ವೈರು, ಒತ್ತಿ ಒತ್ತಿ ಸವೆಸಿದ ಗುಂಡಿ, ಕ್ಯಾಸೆಟ್ ತುರುಕಿದ ಬಾಯಿ. ಆಮೇಲೆ ಕರೆಂಟಿನ ಭಾಗ.

ನಮ್ಮದು ತೊಂಬತ್ತರ ದಶಕದಲ್ಲಿ ಹಾಸನದಲ್ಲಿ ಕೊಂಡದ್ದು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಂನ ನಕಲು. ಆಗ ನಮ್ಮ ಊರುಗಳ ಅಂಗಡಿಯಲ್ಲಿ ಸಿಗುತ್ತಿದ್ದವು ಹೆಚ್ಚಾಗಿ ಇಂಥವೇ. ನಾನೂ ತಂಗಿಯೂ ಕಾಂಟ್ರಾ, ಮಾರಿಯೋ ಅಂತ ಕಿತ್ತಾಡುತ್ತಿದ್ದೆವು. ಆದರೆ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಹೆಚ್ಚು ಆಡಿದವಳು ಅಮ್ಮ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಟ್ಯಾಂಕ್ ಗೇಮ್ ಹಾಕುವಳು. ನಾಮ್ಕೊ ಕಂಪನಿಯ 1985ರ 'ಬ್ಯಾಟಲ್ ಸಿಟಿ' ಅದು. ಇಟ್ಟಿಗೆ ಗೋಡೆಯ ನಡುವಿನ ಹದ್ದನ್ನು ಶತ್ರು ಟ್ಯಾಂಕುಗಳಿಂದ ಕಾಯಬೇಕು. ಸೋತರೆ "ಅಯ್ಯೋ, ನನ್ನ ಹಕ್ಕಿ ಹೋಯ್ತು ಕಣೋ" ಎನ್ನುತ್ತಿದ್ದಳು. ಅಮ್ಮ ಈಗಿಲ್ಲ. ಅಟ್ಟದಲ್ಲಿದ್ದ ಆ ಡಬ್ಬಿಯನ್ನು ತಂಗಿ ಕೆಳಗಿಳಿಸಿದಾಗ, ಇದು ಮತ್ತೆ ಆಡಲೇಬೇಕು ಎಂದುಕೊಂಡೆ.

ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ನೋಡದೆ ಚುಚ್ಚಲೇಬಾರದು. ಮೂಲ ಫ್ಯಾಮಿಕಾಂನಲ್ಲಿ ಪಿನ್ನಿನ ನಡುಭಾಗ ಮೈನಸ್. ನಕಲುಗಳಲ್ಲಿ ಒಂದೊಂದರದು ಒಂದೊಂದು ರೀತಿ. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಒಂಬತ್ತು ವೋಲ್ಟನ್ನು ಐದಕ್ಕೆ ಇಳಿಸುತ್ತದೆ. ನಮ್ಮದರಲ್ಲಿ ಐದು ಬರುತ್ತಿತ್ತು, ಚಿತ್ರ ಮಾತ್ರ ನಡುಗುತ್ತಿತ್ತು. ಪಕ್ಕದ ಕೆಪಾಸಿಟರಿನ ತಲೆ ಉಬ್ಬಿತ್ತು, ಒಳಗಿನ ದ್ರವ ಒಣಗಿ ಹೋಗಿರಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಅದಕ್ಕೆ ಕೆಲವೇ ರೂಪಾಯಿ. "ಮೈಕ್ರೋಫ್ಯಾರಡ್ ಅಷ್ಟೇ ಇರ್ಲಿ ಸಾರ್, ವೋಲ್ಟೇಜ್ ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಕಮ್ಮಿ ಮಾತ್ರ ಹಾಕ್ಬೇಡಿ" ಎಂದ ಅಂಗಡಿಯವರ ಮಾತು ಪುಸ್ತಕಕ್ಕಿಂತ ಚೆನ್ನಾಗಿ ತಲೆಯಲ್ಲಿ ಕೂತಿದೆ. ಬೋರ್ಡಿನ ನಡುವೆ ಕಪ್ಪು ಅಂಟಿನ ಒಂದು ಗುಡ್ಡೆ ಇರುತ್ತದೆ. ನಿಜವಾದ ಚಿಪ್ಪು ಅದರಡಿಯಲ್ಲಿದೆ, ಬದಲಿಸಲು ಬರುವುದಿಲ್ಲ. ಅದರ ಆಸುಪಾಸಿನಲ್ಲಿ ಸೋಲ್ಡರಿಂಗ್ ಐರನ್ನಿನ ಬಿಸಿ ನಿಲ್ಲಿಸಬಾರದು.

ರಿಮೋಟಿನ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಎಲ್ಲ ಗುಂಡಿಗಳ ಸುದ್ದಿಯೂ ಒಂದರ ಹಿಂದೊಂದು ಸರದಿಯಲ್ಲಿ ಒಂದೇ ಎಳೆಯ ವೈರಿನಲ್ಲಿ ಹೋಗುತ್ತದೆ. ಹಾಗಾಗಿ ಒಂದೇ ಗುಂಡಿ ಸುಮ್ಮನಾದರೆ ದೋಷ ಆ ಗುಂಡಿಯದು, ಎಲ್ಲವೂ ಸುಮ್ಮನಾದರೆ ಮೊದಲು ವೈರನ್ನು ಹುಡುಕಬೇಕು. ಎರಡನೇ ರಿಮೋಟಿನ ವೈರು ಕುತ್ತಿಗೆಯ ಹತ್ತಿರ ಒಳಗೇ ತುಂಡಾಗಿತ್ತು. ಅಷ್ಟು ಕತ್ತರಿಸಿ ಮತ್ತೆ ಬೆಸೆದೆ. ಮೊದಲನೆಯದು ಅಮ್ಮನದು. ತೆರೆದಾಗ ಗುಂಡು ಹಾರಿಸುವ ಗುಂಡಿಯ ಕೆಳಗಿನ ರಬ್ಬರಿನಲ್ಲಿ ಕರಿ ಲೇಪ ಪೂರ್ತಿ ಸವೆದು ಬೂದು ಬಣ್ಣ ಕಾಣುತ್ತಿತ್ತು. ಪಕ್ಕದ ಸೆಲೆಕ್ಟ್ ಗುಂಡಿಯ ರಬ್ಬರು ಹೊಸದರಂತೆ ಮಿರಿಮಿರಿ. ಅವಳ ಹೆಬ್ಬೆರಳು ಎಷ್ಟು ಮಧ್ಯಾಹ್ನ ಅಲ್ಲಿ ಕೂತಿತ್ತೆಂದು ಬೇರೆ ಯಾವ ಫೋಟೊದಲ್ಲೂ ಕಾಣಸಿಗದು. ಹೊಸ ರಬ್ಬರು ಹಾಕಿದೆ, ಹಾಕಲೇಬೇಕಿತ್ತು. ಹಳೆಯದನ್ನು ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಕ್ಯಾಸೆಟ್ಟಿಗೆ ಉಫ್ ಎಂದು ಊದುವುದು ನಮ್ಮ ಪೀಳಿಗೆಯ ಅಭ್ಯಾಸ. ಬಾಯಿಯ ತೇವಕ್ಕೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿ ಸಾಕು, ಒಣಗುವವರೆಗೆ ಕಾಯಬೇಕು ಅಷ್ಟೆ.

ಹಳದಿಗಟ್ಟಿದ ಮೇಲ್ಮೈಯನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬೆಳ್ಳಗೆ ಮಾಡಿಸು ಎಂದು ಸ್ನೇಹಿತರು ಹೇಳಿದರು. ಒಪ್ಪಲಿಲ್ಲ. ಓಡಲು ಬೇಕಾದದ್ದನ್ನು ಮಾತ್ರ ಬದಲಿಸಬೇಕು ಎನ್ನುವುದು ನನ್ನ ಗಟ್ಟಿ ನಿಲುವು; ನಮ್ಮ ಮನೆಯ ಕಿಟಕಿ ಬಿಸಿಲು ಕೊಟ್ಟ ಬಣ್ಣ ಅದು, ಇರಲಿ.

ಈಗ ತಂಗಿಯ ಮಗಳು ಟ್ಯಾಂಕ್ ಓಡಿಸುತ್ತಾಳೆ. ಬಾತುಕೋಳಿಗೆ ಗುರಿಯಿಡುವ ಗನ್ನನ್ನೂ ಕೇಳುತ್ತಿದ್ದಾಳೆ. ಅದು ಹಳೆಯ ಪಿಕ್ಚರ್ ಟ್ಯೂಬಿನ ಬೆಳಕನ್ನು ನಂಬಿ ಮಾಡಿದ್ದು, ಮನೆಯ ಎಲ್‌ಸಿಡಿಯಲ್ಲಿ ನಡೆಯುವುದಿಲ್ಲ. ಅವಳಿಗಾಗಿ ಒಂದು ಡಬ್ಬಾ ಟಿವಿ ಹುಡುಕುತ್ತಿದ್ದೇನೆ.